ಬಾಳೆಸಸಿಗೆ ಗೋಂದು ಕಾಯಿಸುವ ಮುಸರತ್

ಬೆಳಗಿನ ಐದೂವರೆ. ದೇವಿಕೊಪ್ಪದ ಹೊರಗೆ, ಮಣ್ಣಿಲ್ಲದೆ ಬಾಟಲಿಯ ಗೋಂದಿನಲ್ಲೇ ಬಾಳೆಸಸಿ ಬೆಳೆಸುವ ಪ್ರಯೋಗಾಲಯದಲ್ಲಿ ಮುಸರತ್ ದೊಡ್ಡ ಪಾತ್ರೆಯ ಮುಂದೆ ನಿಂತಿದ್ದಾರೆ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಬಿಳಿ ಪುಡಿಯ ಬಟ್ಟಲು. ಪುಡಿಯನ್ನು ಒಮ್ಮೆಲೇ ಸುರಿದರೆ ಉಪ್ಪಿಟ್ಟಿನ ರವೆಯಂತೆ ಗಂಟು ಕಟ್ಟುತ್ತದೆ. ಹದಿನೆಂಟು ಲೀಟರ್ ಕುದಿಸಿ, ತಣಿಯುವ ಮೊದಲೇ ಆರುನೂರು ಬಾಟಲಿಗೆ ಹೊಯ್ಯಬೇಕು. ಬಿಗಿದ ಮೇಲೆ ಒಲೆಗಿಟ್ಟರೂ ಕರಗದ ಹಟಮಾರಿ ಗೋಂದು ಇದು.

ಮರದ ಗೋಂದಲ್ಲ. ಸಕ್ಕರೆ ತಿಂದ ಒಂದು ಬಗೆಯ ಬ್ಯಾಕ್ಟೀರಿಯಾ ಹೊರಹಾಕುವ ಅಂಟು, ಹೆಸರು ಜೆಲ್ಲನ್. ಕಡಲಪಾಚಿಯ ಅಗರ್ ಲೀಟರಿಗೆ ಏಳೆಂಟು ಗ್ರಾಂ ಬೇಕು, ಇದು ಎರಡೂವರೆ ಗ್ರಾಂ ಸಾಕು. ಅಗರ್ ಗಂಜಿಯ ಹಾಗೆ ಮಬ್ಬು, ಇದು ಗಾಜಿನಷ್ಟು ತಿಳಿ. ಸಸಿಯ ಬುಡಕ್ಕೆ ಕ್ರಿಮಿ ಸೇರಿದರೆ ಹಾಲಿನಂಥ ಉಂಗುರ ಮೂಡುತ್ತದೆ. ಅದನ್ನು ಉಳಿದವರಿಗಿಂತ ಎರಡು ದಿನ ಮೊದಲೇ ಗುರುತಿಸುತ್ತಿದ್ದುದು ಮುಸರತ್ ಅವರ ಕಣ್ಣು.

ಹದಿನಾಲ್ಕು ವರ್ಷಗಳ ಹಿಂದೆ ಬಾಟಲಿ ತೊಳೆಯಲು ಬಂದವರು ಇವರು. ಗಂಡ ಬುಡನಸಾಬ ಸಂತೆಗಳಲ್ಲಿ ಬಳೆ ಮಾರುತ್ತಾರೆ. "ನಾ ಓದಿದ್ದು ನಾಕನೇತ್ತಾರಿ. ಸೌಟ್ ಎತ್ತಿದ್ರ ಗೊತ್ತಾಕ್ಕೈತಿ, ಹದ ಬಂತೋ ಇಲ್ಲೋ ಅಂತ," ಎನ್ನುತ್ತಾರೆ. ಬಿಸಿ ಬಾಟಲಿ ಹಿಡಿದು ಹಿಡಿದು ಬೆರಳ ತುದಿಗಳು ಜಡ್ಡುಗಟ್ಟಿವೆ.

ಆ ಅನುಭವವೇ ಅವರನ್ನು ಕೆಡವಿತು. ಜೆಲ್ಲನ್ ಬಿಗಿಯಲು ಸುಣ್ಣದ ಅಂಶ ಬೇಕು. ಇಲ್ಲಿನ ಅಳತೆಗಳೆಲ್ಲ ಹಿಂದಿನ ದಿನವೇ ಕುದಿಸಿ ತಿಳಿಯಾಗಲು ಬಿಟ್ಟ ಗಡಸು ಬೋರ್ ನೀರಿಗೆ ಹೊಂದಿಕೊಂಡಿದ್ದವು. ಹೋದ ವರ್ಷ ನೀರು ಶುದ್ಧೀಕರಿಸುವ ಯಂತ್ರ ಬಂತು. ನೀರಿನ ಸುಣ್ಣ ಹೋಯಿತು, ಗೋಂದು ಸಡಿಲಾಗಿ ಸಸಿಗಳು ವಾಲಿದವು. ಮುಸರತ್ ಯಾರನ್ನೂ ಕೇಳಲಿಲ್ಲ. ಬೋರ್ ನೀರನ್ನು ಮೊದಲಿನಂತೆ ಕುದಿಸಿ ತಿಳಿಗೊಳಿಸದೆ, ಬಟ್ಟೆಯಲ್ಲಿ ಸೋಸಿ ಪಾತ್ರೆಗೆ ಎರಡು ಚೊಂಬು ಬೆರೆಸಿದರು. ಗೋಂದು ಬಿಗಿಯಿತು, ಎಲ್ಲರೂ ಭೇಷ್ ಎಂದರು. ಬಾಟಲಿಯಲ್ಲಿ ಮಾತ್ರ ಸುಣ್ಣದ ತೆಳು ಮಸುಕು ಉಳಿಯತೊಡಗಿತು.

"ದಿನಾ ಮಸುಕು ನೋಡಿ ನೋಡಿ ಕಣ್ಣಿಗೆ ರೂಢಿ ಆತ್ರಿ. ತಾಯಿಸಸಿ ಬುಡದಾಗ ಉಂಗುರ ಕಂಡ್ರೂ, ಬೋರಿನ ಸುಣ್ಣ ಅಂತ ಮುಂದ ಬಿಟ್ಟೆ."

ಸಸಿಗಳೆಲ್ಲ ಹುಟ್ಟುವುದು ಆ ತಾಯಿಸಸಿಗಳಿಂದ. ಅವನ್ನು ಕತ್ತರಿಸಿ ಹೊಸ ಸಸಿ ಮಾಡುವ ಚಾಕು ಬಾಟಲಿಯಿಂದ ಬಾಟಲಿಗೆ ಹೋಯಿತು, ಕ್ರಿಮಿಯೂ ಹೋಯಿತು. ಎರಡು ತಿಂಗಳಲ್ಲಿ ಒಂಬತ್ತು ಸಾವಿರ ಬಾಟಲಿ ಕೊಳೆತವು. ಚಾಕು ಹಿಡಿಯುತ್ತಿದ್ದವಳು ಇಪ್ಪತ್ತನಾಲ್ಕರ ದಾನೇಶ್ವರಿ. ಮಾಲೀಕ ಸಿದ್ಧಾರೂಢ ಹಿಂದೆಮುಂದೆ ನೋಡದೆ ಅವಳನ್ನು ಮನೆಗೆ ಕಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮುಸರತ್‌ಗೆ ನಿಜ ಹೊಳೆದದ್ದು ಕೆಟ್ಟ ಬಾಟಲಿಗಳನ್ನು ಬೇಯಿಸಿ ಚೆಲ್ಲುವಾಗ: ಸುಣ್ಣದ ಮಸುಕು ಬಾಟಲಿಯ ತುಂಬ ಇತ್ತು, ಉಂಗುರ ಮಾತ್ರ ಸಸಿಯ ಬುಡದಲ್ಲಷ್ಟೇ. ಅಂದೇ ಮಾಲೀಕರಿಗೆ ಹೇಳಿದರು. "ಆಗಿದ್ದಾತು ಬಿಡ್ರಿ ಮುಸರತಕ್ಕ. ನಿಮ್ಮನ್ನೂ ಕಳಿಸಿದ್ರ ಗೋಂದು ಕಾಸವ್ರು ಯಾರು?" ಎಂದರಂತೆ ಅವರು. ಅನ್ಯಾಯಕ್ಕೆ ಇಷ್ಟು ಸಲೀಸಾದ ಕಾರಣವೂ ಇರುತ್ತದೆ!

ಅಷ್ಟರಲ್ಲಿ ಸುದ್ದಿ ಊರು ದಾಟಿತ್ತು. ಅಣ್ಣಿಗೇರಿ ಕಡೆಯ ಇನ್ನೊಂದು ಪ್ರಯೋಗಾಲಯಕ್ಕೆ ಕೆಲಸ ಕೇಳಿ ಹೋದ ದಾನೇಶ್ವರಿಯನ್ನು, 'ಆಕಿ ಕೈ ಹೊಲಸು' ಎಂದು ಬಾಗಿಲಲ್ಲೇ ತಿರುಗಿಸಿದರು. ಈಗ ಅವಳು ಹತ್ತಿ ಬಿಡಿಸಲು ಹೋಗುತ್ತಾಳೆ. ಮುಸರತ್ ಅವಳ ಮನೆಗೆ ಹೋಗಿದ್ದರು. ದಾನೇಶ್ವರಿ ಕುಡಿಯಲು ನೀರು ಕೊಟ್ಟಳು. ಮುಸರತ್ ತಪ್ಪೊಪ್ಪಿಕೊಂಡ ಮೇಲೆ ಒಂದೇ ಮಾತು ಆಡಿದಳು: "ಈಗ ನನಗ ಹೇಳಿ ಏನ್ ಮಾಡ್ತೀರಿ ಅಕ್ಕಾ, ತಪ್ಪು ನಂದಲ್ಲಂತ ನನಗ ಮೊದ್ಲ ಗೊತ್ತಿತ್ತಲ್ಲ."

ಅಂದಿನಿಂದ ಮುಸರತ್ ಬೋರ್ ನೀರು ಮುಟ್ಟಿಲ್ಲ. ಸುಣ್ಣದ ಲವಣವನ್ನು ತೂಗಿಯೇ ಹಾಕುತ್ತಾರೆ. ಗೋಂದು ಮತ್ತೆ ತಿಳಿಯಾಗಿದೆ. ಆದರೆ ಹೊಸದಾಗಿ ತರಿಸಿದ ತಾಯಿಸಸಿಗಳ ಮುಂದೆ ಕೂತಾಗ ತಮ್ಮ ಕಣ್ಣನ್ನೇ ನಂಬಲಾರರು. ಒಂದೊಂದು ಬಾಟಲಿಯನ್ನೂ ಮೂರು ಮೂರು ಸಲ ಬೆಳಕಿಗೆ ಹಿಡಿಯುತ್ತಾರೆ. ಊಟ ಸೇರುವುದಿಲ್ಲ, ಯಾರ ಸಮಾಧಾನವೂ ನಾಟುವುದಿಲ್ಲ.

ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಬರುತ್ತದೆ ಎಂದಾಗ ಅವರ ಮುಖ ಅರಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡರು.

"ನನ್ನ ಫೋಟೋ ಬ್ಯಾಡ್ರಿ. ದಾನೇಶ್ವರಿ ಕೈ ಚೊಕ್ಕ ಇತ್ತು, ತಪ್ಪಿದ್ದು ಮುಸರತ್ ಕಣ್ಣು, ಅಂತ ಬರೀರಿ. ಅಣ್ಣಿಗೇರಿಯವ್ರು ಪೇಪರ್ ಓದ್ತಾರಲ್ರಿ?"