ಜಗಲಿ ಮೇಲಿನ ರಾಜ

ನಮ್ಮ ಮಸ್ಕಿಯ ಮನೆಯಲ್ಲಿ ದೇವರ ಕಟ್ಟೆಗೆ ಜಗಲಿ ಎನ್ನುತ್ತಿದ್ದೆವು. ಅದರ ಮೇಲೆ ದೇವರುಗಳ ಪಕ್ಕದಲ್ಲಿ ತೀರಿಹೋದ ಹಿರಿಯರ ಬೆಳ್ಳಿ ಮುಖಗಳಿದ್ದವು. ಅವರ ಸಾಲಿನಲ್ಲೇ ಇಂಗ್ಲೆಂಡಿನ ರಾಜನೂ ಕಿರೀಟ ಸಮೇತ ಕೂತಿದ್ದ. ಅಮಾವಾಸ್ಯೆ ಬಂದರೆ ಎಲ್ಲರ ಜೊತೆ ಅವನಿಗೂ ಹೋಳಿಗೆಯ ಎಡೆ.

ಅದು ನಮ್ಮ ಸಣ್ಣ ಮುತ್ಯಾನ, ಎಂದರೆ ನನ್ನ ಅಜ್ಜನ ತಮ್ಮನ, ಯುದ್ಧದ ಪದಕ. ಮದುವೆಯಾದ ಹೊಸದರಲ್ಲೇ ಆತ ವಿಮಾನದಳ ಸೇರಿ ವಿಮಾನ ರಿಪೇರಿಗೆ ಹೋದವನು. ಯುದ್ಧ ಮುಗಿದ ಮೇಲೆ ಅಂಚೆಯಲ್ಲಿ ಈ ಬಿಲ್ಲೆ ಬಂತು. ಆಗ ನಮ್ಮವರು ಸಾಲಗುಂದದಲ್ಲಿದ್ದರು. ಜೊತೆಗೆ ಬಂದ ಇಂಗ್ಲಿಷ್ ಕಾಗದ ಓದುವವರು ಅಲ್ಲಿರಲಿಲ್ಲ, ಅದು ಎಲ್ಲೋ ಹೋಯಿತು. ಅವನ ತಾಯಿಗೆ ಕಂಡದ್ದು ಬಿಲ್ಲೆಯ ಮೇಲಿನ ಮುಖ ಮಾತ್ರ. ನಮ್ಮಲ್ಲಿ ಹಾಗೆ ಮುಖ ಮಾಡಿಸುವುದು ಸತ್ತವರಿಗೆ. ಸರ್ಕಾರವೇ ಮುಖ ಮಾಡಿಸಿ ಕಳಿಸಿದೆ ಎಂದ ಮೇಲೆ ಮಗ ಹೋದ ಎಂದುಕೊಂಡು ಅದನ್ನು ಜಗಲಿಗೇರಿಸಿದಳು, ಸೊಸೆಯ ಬಳೆ ಒಡೆಸಿದಳು.

ಆ ಸೊಸೆಯೇ ನನ್ನ ಸಣ್ಣಾಯಿ. ತಾಯಿಯಿಲ್ಲದ ನನ್ನನ್ನು ಸಾಕಿದವಳು. ಹೆಣ್ಣಿಗೆ ಯಾಕೆ ಓದು ಎಂದವರ ಬಾಯಿ ಮುಚ್ಚಿಸಿ ಓದಿಸಿದವಳು. ಎಂಬತ್ತರ ದಶಕದಲ್ಲಿ ನಾನು ಸಿಂಧನೂರಿನಲ್ಲಿ ಶಿಕ್ಷಕಿಯಾಗಿ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ತಿರುಗುತ್ತಿದ್ದೆನಲ್ಲ, ಆ ಧಿಮಾಕು ಅವಳು ಕೊಟ್ಟದ್ದೇ.

ಅಮಾವಾಸ್ಯೆಗೆ ಸಣ್ಣಾಯಿ ಎಲ್ಲ ಮುಖಗಳನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುವಳು, ಬಿಲ್ಲೆಯೊಂದನ್ನು ಬಿಟ್ಟು. ಯಾಕೆ ಎಂದು ಒಮ್ಮೆ ಕೇಳಿದೆ.

"ಸತ್ತಾನಂತ ಯಾರು ನೋಡ್ಯಾರ? ಸತ್ತಿದ್ರ ಮಣ್ಣು ಕೊಟ್ಟವ್ರು ಯಾರು? ಅದು ಗೊತ್ತಾಗೂತನಕ ನಾ ಮುಟ್ಟಂಗಿಲ್ಲ."

ತಿಕ್ಕಿ ತಿಕ್ಕಿ ನಮ್ಮ ಹಿರಿಯರಿಗೆಲ್ಲ ಮೂಗೇ ಉಳಿದಿರಲಿಲ್ಲ. ತಿಕ್ಕದ ಬಿಲ್ಲೆಯ ಅಂಚಿನಲ್ಲಿ ಮಾತ್ರ ಮುತ್ಯಾನ ನಂಬರು, ಹೆಸರು ಹಾಗೇ ಇದ್ದವು. ಇದನ್ನು ಹಿಡಿದು ಹುಡುಕಬಹುದು ಎನಿಸಿತು. ನನಗೆ ಎಲ್ಲವನ್ನೂ ಕೊಟ್ಟವಳಿಗೆ ಇದೊಂದನ್ನಾದರೂ ತಂದುಕೊಡಬೇಕು ಎಂದುಕೊಂಡೆ.

ರಜೆ ಹಾಕಿ, ಬಿಲ್ಲೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ಖಜಾನೆಯ ಮುಂದೆ ಪಿಂಚಣಿಗೆ ಕೂತಿದ್ದ ಮಾಜಿ ಸೈನಿಕರನ್ನು ಕೇಳಿದೆ. ಅವರೆಲ್ಲ ಭೂಸೇನೆಯವರು. ವಿಮಾನದಳದಲ್ಲಿದ್ದ ಒಬ್ಬ ಮುದುಕ ಗುರುಗುಂಟಾದಲ್ಲಿದ್ದಾನೆ ಎಂದು ಹೇಳಿ, ಚಹಾ ಕುಡಿಸಿ ಕಳಿಸಿದರು. ಪುಣ್ಯಾತ್ಮರು.

ಆ ಮುದುಕ ದನದ ಕೊಟ್ಟಿಗೆಯಲ್ಲಿದ್ದ. ಬಿಲ್ಲೆ ನೋಡಿ ನಕ್ಕುಬಿಟ್ಟ.

"ಇದು ಸತ್ತವ್ರಿಗೆ ಕೊಡೂದಲ್ಲ ಯವ್ವಾ. ಯುದ್ಧದಾಗ ಇದ್ದವ್ರಿಗೆಲ್ಲ ಕೊಟ್ಟಾರ. ನಂದು ಅಲ್ಲೈತಿ ನೋಡು."

ಅವನ ರಾಜ ಎತ್ತಿನ ಕೊರಳಲ್ಲಿ ಗೆಜ್ಜೆಗಳ ನಡುವೆ ನೇತಾಡುತ್ತಿದ್ದ. ನನಗೆ ನಗು ಬರಲಿಲ್ಲ. ಹಾಗಾದರೆ ಸಣ್ಣಾಯಿಯ ಬಳೆ ಸುಮ್ಮನೆ ಒಡೆಸಿದರೇ? ಮುತ್ಯಾ ಎಲ್ಲೋ ಬೇರೆ ಸಂಸಾರ ಹೂಡಿಕೊಂಡು ಸುಖವಾಗಿದ್ದರೆ ಅದನ್ನು ಅವಳಿಗೆ ಯಾವ ಬಾಯಿಂದ ಹೇಳಲಿ? ಆ ಎತ್ತಿನ ಮೇಲೂ ನನಗೆ ಸಿಟ್ಟು ಬಂತು.

ಮುದುಕ ಕನ್ನಡಕ ಹಾಕಿಕೊಂಡು ಬಿಲ್ಲೆಯ ಅಂಚನ್ನು ಬೆಳಕಿಗೆ ತಿರುಗಿಸಿ ಓದಿದ. ಮತ್ತೆ ನಗಲಿಲ್ಲ.

"ಈ ಅಣ್ಣಗ ಮಣ್ಣು ಕೊಟ್ಟಾಂವ ನಾನ," ಎಂದ.

ಅಸ್ಸಾಮಿನಲ್ಲಿ ವಿಮಾನ ಇಳಿಯುವ ಜಾಗದಲ್ಲಿ ಇಬ್ಬರೂ ಒಂದೇ ಡೇರೆಯಲ್ಲಿದ್ದರಂತೆ. ಜ್ವರ ಬಂದು ಮುತ್ಯಾ ತೀರಿಕೊಂಡನಂತೆ. ಊರಿಗೆ ಮರಳಿದ ಮೇಲೆ ಈತ ಸಾಲಗುಂದಕ್ಕೂ ಹೋಗಿ ಕೇಳಿದ್ದಾನೆ. ಅಷ್ಟರಲ್ಲಿ ನಮ್ಮವರು ಊರು ಬಿಟ್ಟಿದ್ದರು, ಎಲ್ಲಿಗೆಂದು ಯಾರೂ ಹೇಳಲಿಲ್ಲ.

ನಾನು ಕರೆಯುವ ಮೊದಲೇ ತಲೆಗೆ ಪಟಗಾ ಸುತ್ತಿಕೊಂಡು ಮಸ್ಕಿಗೆ ಹೊರಟುನಿಂತ. ಸಣ್ಣಾಯಿ ಬಾಗಿಲ ಮರೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ಕೊನೆಗೆ ಒಂದೇ ಮಾತು ಕೇಳಿದಳು.

"ಮಣ್ಣು ಕೊಡೂ ಮುಂದ ಹಣಿಮ್ಯಾಲೆ ವಿಭೂತಿ ಇತ್ತೇನಪ್ಪಾ?"

"ಆ ಕಾಡಿನ್ಯಾಗ ವಿಭೂತಿ ಎಲ್ಲಿ ಸಿಗಬೇಕ್ರೀ ಅತ್ತಿಗೆಮ್ಮಾ. ಒಲಿಯಾನ ಬೂದಿ ಹಚ್ಚಿದೆ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ."

ಸಣ್ಣಾಯಿ ಮರೆಯಿಂದ ಎದ್ದುಬಂದು ಅವನಿಗೆ ತನ್ನ ಕೈಯಾರೆ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಸಾಕು ಸಾಕೆಂದರೂ ಬಿಡಲಿಲ್ಲ. ತೊಂಬತ್ತರ ದಶಕದಲ್ಲಿ ಅವನು ತೀರಿಕೊಳ್ಳುವವರೆಗೂ ನಾನು ವರ್ಷಕ್ಕೊಮ್ಮೆ ಗುರುಗುಂಟಾಕ್ಕೆ ಹೋಗಿ ಅವನ ಕಾಲಿಗೆ ಬೀಳುತ್ತಿದ್ದೆ. ಇನ್ನೊಬ್ಬರ ಕಾಲಿಗೆ ನಾನು ಹಾಗೆ ಮನಸಾರೆ ಬಿದ್ದಿಲ್ಲ.

ಮುಂದಿನ ಅಮಾವಾಸ್ಯೆಗೆ ಸಣ್ಣಾಯಿ ಬಿಲ್ಲೆಗೂ ಹುಣಸೆಹಣ್ಣು ಹಚ್ಚಿದಳು. ಅಕ್ಷರ ಸವೆದುಹೋಗುತ್ತವೆ ಎಂದೆ.

"ಹೋಗ್ಲಿ ಬಿಡು. ಯಾರಂತ ಈಗ ಗೊತ್ತಾತಲ್ಲ," ಎಂದಳು.

ತೊಳೆದ ಮುಖಗಳಿಗೆಲ್ಲ ಸಾಲಾಗಿ ವಿಭೂತಿ ಹಚ್ಚುತ್ತ ಬಂದಳು. ಬಿಲ್ಲೆಯ ಹತ್ತಿರ ಬಂದಾಗ ವಿಭೂತಿ ಗಟ್ಟಿಯನ್ನು ಕೆಳಗಿಟ್ಟು ಅಡುಗೆಮನೆಗೆ ಹೋದಳು. ಒಲೆಯಿಂದ ಚಿಟಿಕೆ ಬೂದಿ ತಂದು ರಾಜನ ಹಣೆಗೆ ಹಚ್ಚಿದಳು.

"ಇಂವಗ ಇದ ರೂಢಿ," ಎಂದಳು.