ಕಡ ತಂದ ಡ್ರಮ್ಮು

ನಿವೃತ್ತಿಯಾದ ಮೇಲೆ ಕಂಡಕ್ಟರು ಬಸ್ಸಿನಿಂದ ಇಳಿದರೇ ಹೊರತು ಕಂಡಕ್ಟರಿಕೆ ಬಿಡಲಿಲ್ಲ. ವರಾಂಡದ ಕುಂಡಗಳನ್ನೆಲ್ಲ "ಮುಂದೆ ಹೋಗಿ, ಮುಂದೆ ಜಾಗ ಇದೆ" ಎನ್ನುತ್ತ ಒತ್ತೊತ್ತಾಗಿ ನಿಲ್ಲಿಸಿದ್ದರು. ಅಷ್ಟು ಪ್ರಯಾಣಿಕರಲ್ಲಿ ಸೀಟು ಸಿಕ್ಕಿದ್ದು ಒಂದೇ ಗಿಡಕ್ಕೆ, ಮೂಲೆಯ ನೀಲಿ ಡ್ರಮ್ಮಿನಲ್ಲಿದ್ದ ನಿಂಬೆಗೆ.

ಡ್ರಮ್ಮು ಹೆಂಡತಿಯದು. ನೀರು ತುಂಬಿಡಲು ಆಕೆ ಕೊಂಡದ್ದನ್ನು ಇವರು ಕಾಡಿ ಬೇಡಿ ಕಡ ತಂದಿದ್ದರು. ತೂತು ಮಾಡಕೂಡದು, ಕೇಳಿದಾಗ ವಾಪಸು ಕೊಡಬೇಕು ಎಂಬುದು ಕರಾರು. ಕೇಳುವ ಕಾಲ ಈ ಬೇಸಿಗೆಯಲ್ಲಿ ಬಂತು. ಅಂಗಳಕ್ಕೆ ಕಾಲಿಟ್ಟರೆ ಸುಡುವ ಬಿಸಿಲು. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ, ಅದೂ ಉಪಕಾರ ಮಾಡಿದ ಹಾಗೆ. ಆದರೆ ಮೂರು ವರ್ಷದಿಂದ ಮುಖ ಊದಿಸಿಕೊಂಡಿದ್ದ ನಿಂಬೆ ಇದೇ ಹೊತ್ತಿಗೆ ಒಂದೇ ಒಂದು ಕಾಯಿ ಬಿಟ್ಟಿತ್ತು. ಜಗಳ ಹತ್ತಿ, ಮಾತು ಬಿಟ್ಟು, ಕೊನೆಗೆ ಒಪ್ಪಂದವಾಯಿತು: ಕಾಯಿ ಹಣ್ಣಾದರೆ ಡ್ರಮ್ಮು ಗಿಡಕ್ಕೆ, ಉದುರಿದರೆ ಹೆಂಡತಿಗೆ.

ಅಂದಿನಿಂದ ಮನೆಯಲ್ಲಿ ನೀರಿನ ಚೆಕಿಂಗ್ ಶುರುವಾಯಿತು. ಸ್ನಾನಕ್ಕೆ ತಲೆಗೆ ಅರ್ಧ ಬಕೆಟ್, ನಿಂಬೆಗೆ ದಿನಕ್ಕೊಂದು ಚೊಂಬು. ಮನೆಯಲ್ಲಿದ್ದ ವಯಸ್ಸಾದ ಅತ್ತೆಯನ್ನೂ ಬಿಡಲಿಲ್ಲ. ಅಳಿಯ ಎನಿಸಿಕೊಂಡವನು ಬಚ್ಚಲ ಬಾಗಿಲಲ್ಲಿ ನಿಂತು ಬಕೆಟ್ಟಿನೊಳಗೆ ಇಣುಕುವುದು ಯಾವ ಸೀಮೆ ಮರ್ಯಾದೆ ಎಂದು ಅತ್ತೆ ಗೊಣಗಿದ್ದು ಬೀದಿಗೆಲ್ಲ ಕೇಳಿಸಿತು.

ನಿಂಬೆ ಮಾತ್ರ ದಿನೇ ದಿನೇ ಸೊರಗಿತು. ಎಲೆಗಳು ಹಳದಿಯಾಗಿ ಉದುರತೊಡಗಿದವು. ಬಾಯಾರಿಕೆಯೇ ಇರಬೇಕೆಂದು ಕಂಡಕ್ಟರು ತಾವೇ ಮಾಡಿದ ಕಾನೂನನ್ನು ತಾವೇ ಮುರಿದರು. ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಂಡು, ತಮ್ಮ ಪಾಲಿನ ಅರ್ಧ ಬಕೆಟ್ಟನ್ನು ದಿನಾ ಡ್ರಮ್ಮಿಗೆ ಸುರಿಯತೊಡಗಿದರು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ವಾರ ಕಳೆಯುವಷ್ಟರಲ್ಲಿ ಊಟಕ್ಕೆ ಎಲ್ಲರೂ ಅವರಿಂದ ಮಾರು ದೂರ ಕೂರತೊಡಗಿದರು. ಗಿಡ ಇನ್ನಷ್ಟು ಬಾಡಿತು, ಇವರು ಇನ್ನಷ್ಟು ಸುರಿದರು.

ಒಂದು ಬೆಳಿಗ್ಗೆ ಗೊಬ್ಬರ ಹಾಕೋಣವೆಂದು ಕೋಲಿನಿಂದ ಮಣ್ಣು ಕೆದಕಿದರೆ ಕೋಲು ಸರ್ರನೆ ಒಳಗಿಳಿಯಿತು. ಎತ್ತಿದರೆ ಕೆಸರು, ಮೂಗು ಮುಚ್ಚುವಂಥ ವಾಸನೆ. ಊರೆಲ್ಲ ನೀರಿಲ್ಲದೆ ಒಣಗುತ್ತಿದ್ದರೆ ಇವರ ನಿಂಬೆ ನೀರಿನಲ್ಲಿ ಮುಳುಗಿ ಸಾಯುತ್ತಿತ್ತು. ತೂತಿಲ್ಲದ ಡ್ರಮ್ಮಿನಿಂದ ನೀರು ಹೋಗುವುದಾದರೂ ಎಲ್ಲಿಗೆ?

ಆದರೂ ದಿನಕ್ಕೆ ಅರ್ಧ ಬಕೆಟ್ಟಿಗೆ ಇಷ್ಟೊಂದು ಕೆಸರೇ? ವಿಚಾರಣೆ ನಡೆಯಿತು. ಅತ್ತೆ ಮೊದಲು ಒಪ್ಪಿಕೊಂಡರು. ಅಳಿಯನ ಸಪ್ಪೆ ಮೋರೆ ನೋಡಲಾರದೆ ಸ್ನಾನದಲ್ಲಿ ಒಂದೆರಡು ಚೊಂಬು ಉಳಿಸಿ ಹಾಕುತ್ತಿದ್ದರಂತೆ. ಹೆಂಡತಿ ಗೋಡೆ ನೋಡುತ್ತ ನಿಂತಿದ್ದಳು.

"ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಎಲ್ಲಾ ನಾನೂ ಅಲ್ಲಿಗೇ ಹಾಕ್ತಿದ್ದೆ," ಎಂದಳು.

ಕಾಯಿ ಯಾವಾಗ ಉದುರುತ್ತದೋ ಎಂದು ಕಾಯಬೇಕಾದವಳು ಈಕೆ.

ಕರಾರು ನೆನಪಾಗಿ ಅವರು ಡ್ರಮ್ಮು ಮುಟ್ಟದೆ ನಿಂತರು. ಹೆಂಡತಿಯೇ ಒಳಗೆ ಹೋಗಿ, ಕಬ್ಬಿಣದ ಸಲಾಕೆಯನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ ತಂದು, ತನ್ನ ಡ್ರಮ್ಮಿನ ಬುಡಕ್ಕೆ ಸುತ್ತಲೂ ಚುಚ್ಚಿದಳು. ಕಪ್ಪು ನೀರು ಚಿಮ್ಮಿತು. ಒಂದು ಹನಿಯೂ ದಂಡವಾಗದಂತೆ ಅತ್ತೆ ಬಕೆಟ್ ಒಡ್ಡಿದರು. ಉಳಿದ ಕುಂಡಗಳಿಗೆ ಅವತ್ತು ಹೊಟ್ಟೆ ತುಂಬ ಸಿಕ್ಕಿತು.

ಮರುದಿನ ನೋಡಿದರೆ ಕಾಯಿ ನೆಲದ ಮೇಲೆ ಬಿದ್ದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಂಡಕ್ಟರು ಅದನ್ನು ಅಂಗೈಯಲ್ಲಿಟ್ಟುಕೊಂಡು ಹೆಂಡತಿಯ ಮುಂದೆ ನಿಂತರು. ಕೊಟ್ಟ ಮಾತಿಗೆ ತಪ್ಪುವ ಮನುಷ್ಯರಲ್ಲ. ಗಿಡ ಕಿತ್ತು ಡ್ರಮ್ಮು ತೊಳೆದುಕೊಡುತ್ತೇನೆ ಎಂದರು.

ಆಕೆ ಕಾಯಿಯನ್ನು ತೆಗೆದುಕೊಂಡು ಮೂಸಿ ನೋಡಿದಳು.

"ಹಾಗಾದ್ರೆ ಡ್ರಮ್ಮು ಇನ್ಮೇಲೆ ನಂದು ತಾನೆ?"

"ನಿಂದೇ."

"ನನ್ನ ಡ್ರಮ್ಮಲ್ಲಿ ಏನಿರ್ಬೇಕು ಅಂತ ನಾನು ಹೇಳ್ತೀನಿ. ಗಿಡ ಅಲ್ಲೇ ಇರ್ಲಿ. ಬಚ್ಚಲಲ್ಲಿ ಬಕೆಟ್ ತುಂಬಿಸಿ ಇಟ್ಟಿದ್ದೀನಿ, ನೀವು ಮೊದ್ಲು ಹೋಗಿ ಸ್ನಾನ ಮಾಡ್ಕೊಂಡು ಬನ್ನಿ."