ಇಲ್ಲದ ಮನೆಯ ಹಿಂಬಾಗಿಲು

ಮೊನ್ನೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಬಂದು ಕೂತ ಹೆಂಗಸಿನ ಚೀಲದಿಂದ ನೆನೆಸಿದ ಬೀಡಿ ಎಲೆಯ ವಾಸನೆ ಬಂತು. ಒದ್ದೆ ಗೋಣಿಯದ್ದೂ ಹಳೆಯ ಮಣ್ಣಿನದ್ದೂ ಸೇರಿದಂಥ ವಾಸನೆ, ಅದರ ಬೆನ್ನಿಗೇ ಮೂಗಿಗೆ ತುಸು ಒರಟಾಗಿ ತಾಗುವ ಹೊಗೆಸೊಪ್ಪು. ಬೀಡಿ ಕಟ್ಟುವ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೆಳೆಯದವರಿಗೆ ವಿವರಿಸಿ ಪ್ರಯೋಜನವಿಲ್ಲ. ಈ ಹೊಗೆಸೊಪ್ಪಿನ ಧೂಳು ಅಮ್ಮನ ಎದೆಗೆ ಒಳ್ಳೆಯದಲ್ಲ ಎಂದು ನನಗೆ ಮೊದಲು ಹೆದರಿಕೆಯಾಯಿತು. ಅಮ್ಮ ತೀರಿಹೋಗಿ ವರ್ಷ ಕಳೆದಿದೆ ಎಂಬುದು ಆಮೇಲೆ ನೆನಪಾಯಿತು. ಹೆದರುವುದರಲ್ಲಿ ನಾನು ಯಾವಾಗಲೂ ಹೊತ್ತಿಗಿಂತ ಮುಂಚೆ ಅಥವಾ ಹೊತ್ತು ಮೀರಿದ ಮೇಲೆ. ಸರಿಯಾದ ಸಮಯಕ್ಕೆ ಹೆದರಿದ್ದು ಕಡಿಮೆ.

ಬಂಟ್ವಾಳದಿಂದ ಮಾಣಿಗೆ ಹೋಗುವ ಹೆದ್ದಾರಿಯ ಅಂಚಿಗೆ ಅಂಟಿಕೊಂಡ ಹಾಗೆ ನಮ್ಮ ಮನೆ ಇತ್ತು. ಅಪ್ಪ ಮುಂಬಯಿಯ ಹೋಟೆಲಿನಿಂದ ವರ್ಷಕ್ಕೊಮ್ಮೆ ಬಂದು ಹೋಗುವ ನೆಂಟ. ಅಮ್ಮ ಜಗಲಿಯಲ್ಲಿ ಕಾಲು ಚಾಚಿ, ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಕಣ್ಣು ಕೈಯ ಮೇಲೇ ಇರಬೇಕಾದ್ದರಿಂದ ಅವಳ ಮಾತುಗಳೆಲ್ಲ ಒಂದು ಬೀಡಿಗೆ ನೂಲು ಸುತ್ತಿ ಮುಗಿಯುವಷ್ಟು ಉದ್ದದವು. ಅವು ತುಳುವಿನ ಮಾತುಗಳು. ಕನ್ನಡಕ್ಕೆ ತರುವಾಗ ಅರ್ಧ ಖಾರ ದಾರಿಯಲ್ಲೇ ಇಳಿದುಹೋಗುತ್ತದೆ. ಪರೀಕ್ಷೆಯಲ್ಲಿ ಫೇಲಾದರೆ, ಬಸ್ಸು ತಪ್ಪಿದರೆ, ಲಾರಿ ಸೀದಾ ಜಗಲಿಗೇ ನುಗ್ಗಿದರೆ ಎಂದು ನಾನು ಒಂದೊಂದಾಗಿ ಕೇಳಿದರೆ ಎಲ್ಲಕ್ಕೂ ಅವಳದ್ದು ಒಂದೇ ಉತ್ತರ: “ಆನಗ ತೂಕ.” ಆದಾಗ ನೋಡುವ. ತುಂಬ ಕಾಡಿದರೆ ಕತ್ತರಿ ಕೆಳಗಿಟ್ಟು, “ನಿನ್ನ ತಲೆ ಎಂಥ ತಲೆ ಮಗ, ಮಾಣಿ ಜಂಕ್ಷನ್ನಾ? ನಾಲ್ಕೂ ಕಡೆಯಿಂದ ಬಂದು ಅಲ್ಲೇ ನಿಲ್ಲುದಾ?” ಎನ್ನುತ್ತಿದ್ದಳು. ಮಲಗುವ ಹೊತ್ತಿಗೆ ಮಾತ್ರ ಪ್ರಶ್ನೆ ಅವಳದ್ದು: “ಹಿಂದಿನ ಬಾಗಿಲು ಹಾಕಿದಿಯಾ?” ಆ ಬಾಗಿಲಿನ ಚಿಲಕ ಸಡಿಲ. ದೊಡ್ಡ ಲಾರಿ ಹೋದರೆ ಮನೆ ನಡುಗಿ ಅದು ತಾನಾಗಿ ಜಾರುತ್ತಿತ್ತು. ನಾನು ಹಾಕಿ, ಮತ್ತೆ ಹೋಗಿ ನೋಡಿ, ಹಾಕಿದ್ದೇನೆ ಎಂದು ಹೇಳಿದ ಮೇಲೂ ಅಮ್ಮ ಎದ್ದು ಹೋಗಿ ಒಮ್ಮೆ ಎಳೆದು ನೋಡಿಯೇ ಮಲಗುವುದು.

ರಸ್ತೆ ಅಗಲವಾಗುವಾಗ ಆ ಮನೆ ಹೋಯಿತು. ಲಾರಿ ಮನೆಗೆ ನುಗ್ಗೀತು ಎಂದು ಅಷ್ಟು ವರ್ಷ ಹೆದರಿದ್ದ ನನಗೆ ರಸ್ತೆಯೇ ನುಗ್ಗಬಹುದು ಎಂದು ಹೊಳೆದಿರಲಿಲ್ಲ. ಅಮ್ಮ ಮೂಡುಬಿದಿರೆಗೆ, ಎರಡನೆಯ ಮಾಳಿಗೆಯ ನನ್ನ ಫ್ಲ್ಯಾಟಿಗೆ ಬಂದಳು. ಬಂದ ದಿನವೇ ಕೋಣೆ ಕೋಣೆ ಸುತ್ತಿ, “ಹಿಂದೆ ಬಾಗಿಲೇ ಇಲ್ಲವಲ್ಲ, ಇದೆಂಥ ಮನೆ ಮಾರಾಯ, ಅಂಗಡಿ ಹಾಗೆ,” ಎಂದಳು. ಕೊನೆಯವರೆಗೂ ಅವಳ ಬಾಯಲ್ಲಿ ಅದು ‘ನಿಮ್ಮ ಮನೆ’. ‘ನಮ್ಮ ಮನೆ’ ಎಂದರೆ ಅದು ಡಾಂಬರಿನ ಅಡಿಯಲ್ಲಿದ್ದದ್ದು.

ಆ ಫ್ಲ್ಯಾಟಿನಲ್ಲೇ, ಒಂದು ಮಧ್ಯಾಹ್ನ, ಗಂಜಿ ಬೇಡವೆಂದು ಮುಖ ತಿರುಗಿಸಿ ಮಲಗಿದ್ದವಳು ಕಣ್ಣು ತೆರೆದು ಕೇಳಿದಳು: “ಹಿಂದಿನ ಬಾಗಿಲು ಹಾಕಿದಿಯಾ?” ಯಾವ ಬಾಗಿಲು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. “ಹಾಕಿದ್ದೇನೆ ಅಮ್ಮ,” ಎಂದೆ. ಅವಳು ಕಣ್ಣು ಮುಚ್ಚಿದಳು. ಸಂಜೆಯ ಒಳಗೆ ಎಲ್ಲ ಮುಗಿದಿತ್ತು. ಕೊನೆಯ ಮಾತು ಏನೆಂದು ಬಂದವರೆಲ್ಲ ಕೇಳಿದರು. ದೇವರ ಹೆಸರನ್ನೋ ಮಕ್ಕಳ ಹೆಸರನ್ನೋ ನಿರೀಕ್ಷಿಸಿದ್ದವರು ಚಿಲಕದ ವಿಷಯ ಕೇಳಿ ಹೂಂ ಎಂದರು.

ಉತ್ತರಕ್ರಿಯೆಗೆ ನಮ್ಮಲ್ಲಿ ಬೊಜ್ಜ ಎನ್ನುತ್ತಾರೆ. ಆ ದಿನ ಮುಸ್ಸಂಜೆಗೆ ಎಲೆ ಹಾಕಿ ಬಡಿಸಿ, ಹೊಸ್ತಿಲಲ್ಲಿ ನಿಂತು ಸತ್ತವರನ್ನು ಮನೆಯೊಳಗೆ ಕರೆಯುವ ಕ್ರಮ. ಕರೆದರೆ ಬಂದು ಹಿರಿಯರ ಜೊತೆ ಸೇರುತ್ತಾರೆ. ಬಾರದಿದ್ದರೆ ಹೊರಗೇ ಉಳಿಯುತ್ತಾರೆ. ನನಗೆ ಹಿಂದಿನ ದಿನದಿಂದಲೇ ಒಂದೇ ಯೋಚನೆ. ತನ್ನದೆಂದು ಒಪ್ಪದ ಮನೆಗೆ ಅಮ್ಮ ಯಾಕೆ ಬಂದಾಳು? ತನ್ನ ಮನೆಗೇ ಹೋದಳೆಂದರೆ ಅಲ್ಲೂ ಹೊರಗೇ, ಬಾಗಿಲು ಹಾಕಿದೆ ಎಂದು ಕಳಿಸಿದವನು ನಾನೇ. ಬೆಳ್ತಂಗಡಿಯಿಂದ ಬಂದಿದ್ದ ತಂಗಿ ವಾರಿಜಳಿಗೆ ಹೇಳಿದೆ. ಅವಳು ನಕ್ಕುಬಿಟ್ಟಳು.

“ಅಣ್ಣ, ನೀನು ಹಾಕಿದೆ ಅಂದದ್ದನ್ನು ಅಮ್ಮ ಯಾವತ್ತು ನಂಬಿದ್ದು? ಎಳೆದು ನೋಡ್ಲಿಕ್ಕೆ ಅಲ್ಲಿಗೇ ಹೋಗಿರ್ತಾಳೆ.”

ಹೇಳಿ ಮುಗಿಸುವಾಗ ಅವಳ ನಗು ನಿಂತಿತ್ತು. ಎಳೆದು ನೋಡಲು ಅಲ್ಲಿ ಬಾಗಿಲಿಲ್ಲ.

ಅಮ್ಮನ ತಮ್ಮ, ನಮ್ಮ ಮಾವ, ಬಾಳೆಲೆ ಒರೆಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. “ಅಕ್ಕ ದಾರಿ ಕೇಳಿಕೊಂಡು ಬರುವ ಜನ ಅಲ್ಲ ಅಳಿಯ. ಹೋಗಿ ಕರ್ಕೊಂಡು ಬಾ. ಕಾರು ಉಂಟಲ್ಲ?”

“ಅಲ್ಲಿ ಪಾರ್ಕಿಂಗ್ ಇಲ್ಲ ಮಾವ,” ಎಂದೆ.

“ನಿನ್ನ ಅಮ್ಮ ಮಾರಾಯ ಅದು!” ಎಂದರು ಮಾವ.

ಅಮ್ಮನಿಗೆಂದು ಹೊಸ ಸೀರೆ, ತೆಂಗಿನಕಾಯಿ ಇಟ್ಟ ಚೀಲ ಹಿಡಿದು ನಾನೂ ವಾರಿಜಳೂ ಹೊರಟೆವು. ಹೆದ್ದಾರಿಯ ಬದಿಯಲ್ಲಿ ಇಳಿದ ಮೇಲೆ ಬಾಗಿಲು ಎಲ್ಲಿತ್ತು ಎಂದೇ ನಮಗೆ ತಿಳಿಯಲಿಲ್ಲ. ಕಬ್ಬಿಣದ ತಡೆಬೇಲಿಯ ಹತ್ತಿರ ಎಂದು ನಾನು, ಕರೆಂಟಿನ ಕಂಬದ ಬುಡದಲ್ಲಿ ಎಂದು ಅವಳು. ಅಷ್ಟು ವರ್ಷ ದಿನವೂ ಮುಟ್ಟಿದ ಬಾಗಿಲಿನ ಬಗ್ಗೆ ಅಣ್ಣತಂಗಿಯರಿಗೆ ಒಮ್ಮತವಾಗಲಿಲ್ಲ. ಪಕ್ಕದ ಟಯರ್ ಅಂಗಡಿಯವನು ಹೊರಗೆ ಬಂದ.

“ಯಾರನ್ನು ಹುಡುಕುದು ಮಾರಾಯ್ರೆ?”

“ಅಮ್ಮನನ್ನು,” ಎಂದಳು ವಾರಿಜ.

“ಈಗ ಇಲ್ಲೇ ಇದ್ರಾ?”

“ಹೌದು. ಬರ್ತಾರೆ.”

ಕೊನೆಗೆ ಎರಡೂ ಕಡೆ ನಿಂತು ಕರೆದೆವು. ನನ್ನ ದನಿ ಲಾರಿಗಳ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ವಾರಿಜಳದ್ದು ಕೇಳಿಸಿತು: “ಅಮ್ಮ, ಬಾ. ಬಾಗಿಲು ನಾವು ನೋಡಿದ್ದೇವೆ. ಹೋಗುವ.”

ವಾರಿಜ ಹಿಂದೆ ಕೂತಳು. ಮುಂದಿನ ಸೀಟಿನಲ್ಲಿ ಚೀಲ ಇಟ್ಟೆವು. ತೆಂಗಿನಕಾಯಿಯ ಭಾರಕ್ಕೋ ಏನೋ, ಕಾರು ಹೊರಟದ್ದೇ ಮುಂದಿನ ಸೀಟಿನವರು ಬೆಲ್ಟ್ ಹಾಕಿಲ್ಲವೆಂದು ಟಿಂಗ್ ಟಿಂಗ್ ಎಂದು ಬಡಿದುಕೊಳ್ಳತೊಡಗಿತು. ಚೀಲ ಕೆಳಗಿಡು ಎಂದು ವಾರಿಜ ಹೇಳಲಿಲ್ಲ, ನನಗೂ ಇಡಬೇಕೆನಿಸಲಿಲ್ಲ. ಬದಿಗೆ ನಿಲ್ಲಿಸಿ ಬೆಲ್ಟ್ ಎಳೆದು ಹಾಕಿದೆ. ಆಮೇಲೆ ಮೂಡುಬಿದಿರೆಯವರೆಗೆ ತಿರುವುಗಳಲ್ಲಿ ನಾನು ಎಂದಿಗಿಂತ ನಿಧಾನವಾಗಿ ಹೋದೆ.

ಮೇಲೆ ಎಲೆ ತುಂಬ ಬಡಿಸಿಯಾಗಿತ್ತು. ಮಾವ ಹೊಸ್ತಿಲಲ್ಲಿ ನಿಂತು, “ಅಕ್ಕ, ಒಳಗೆ ಬಾ,” ಎಂದು ಕರೆದರು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿರುವಾಗ ನನಗೆ ಕಾರಿನ ಬೆಲ್ಟ್ ನೆನಪಾಯಿತು. ಅವಸರದಲ್ಲಿ ಚೀಲವನ್ನು ಬೆಲ್ಟಿನ ಅಡಿಯಿಂದಲೇ ಎಳೆದು ತಂದಿದ್ದೆವು. ಸ್ವಲ್ಪ ನಿಲ್ಲಿ ಮಾವ ಎಂದು ಹೇಳಿ, ಚಾವಿ ಹಿಡಿದು ಮೆಟ್ಟಿಲಿಳಿದು ಓಡಿದೆ. ಖಾಲಿ ಸೀಟಿಗೆ ಅಡ್ಡವಾಗಿ ಬೆಲ್ಟ್ ಹಾಗೆಯೇ ಬಿಗಿದಿತ್ತು. ಒತ್ತಿದೆ; ಸರಕ್ಕನೆ ಸುರುಳಿಯಾಗಿ ಒಳಗೆ ಹೋಯಿತು. ಬಾಗಿಲನ್ನು ಪೂರ್ತಿ ತೆರೆದು ಹಿಡಿದು, ಮೊಣಕಾಲು ನೋವಿರುವ ಒಬ್ಬರು ಒಂದೊಂದೇ ಕಾಲು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಇಳಿಯಲು ಬೇಕಾಗುವಷ್ಟು ಹೊತ್ತು ಅಲ್ಲೇ ನಿಂತೆ.